ಹರಿದದ್ದು ಯಾವ ಹಾಳೆ?

ಕಾದಂಬರಿಕಾರರು ಬರೆಯುತ್ತ ಬರೆಯುತ್ತ ಮೇಜಿನ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದಾರೆ ಎಂದುಕೊಂಡರು ಪ್ರಕಾಶಕರು. ಮರುಮುದ್ರಣದ ಸುದ್ದಿ ಹೇಳಲು ಬೆಳಗಾಗುತ್ತಲೇ ಓಡಿ ಬಂದಿದ್ದರು. ಮಹಡಿ ಹತ್ತಿ, ಏದುಸಿರು ಬಿಡುತ್ತ ಭುಜ ಮುಟ್ಟಿದರು. ಭುಜ ತಣ್ಣಗಿತ್ತು.

ತಲೆಯ ಹಿಂದೆ ಗಾಯ. ಕುರ್ಚಿಯ ಪಕ್ಕದಲ್ಲಿ ಕಂಚಿನ ಪುತ್ಥಳಿಯೊಂದು ಬಿದ್ದಿತ್ತು. ಕುದುರೆಯೇರಿ ಕತ್ತಿ ಎತ್ತಿದ ಊರ ಕೋಟೆಯ ವೀರ, ಅವರ ಹೊಸ ಕಾದಂಬರಿಯ ನಾಯಕ. ಹಿಂದಿನ ಮಧ್ಯಾಹ್ನ ಓದುಗರ ಸಂವಾದದಲ್ಲಿ ಪ್ರಕಾಶಕರೇ ಕೈಯಾರೆ ಕೊಟ್ಟ ಕಾಣಿಕೆ ಅದು.

ಸುದ್ದಿ ಬೀದಿ ದಾಟುವ ಹೊತ್ತಿಗೆ ಊರು ತೀರ್ಪನ್ನೂ ಕೊಟ್ಟಾಗಿತ್ತು. ವೀರನೇ ಬಂದು ಸೇಡು ತೀರಿಸಿಕೊಂಡ ಎಂದು.

*

"ಅಷ್ಟಕ್ಕೂ ಇವರು ಬರೆದಿದ್ದೇನ್ರೀ?" ಎಂದು ಇನ್‌ಸ್ಪೆಕ್ಟರ್ ಮೇಡಂ ಕೇಳಿದರು. ಕಾದಂಬರಿಗೂ ಅವರಿಗೂ ಎಣ್ಣೆ ಸೀಗೇಕಾಯಿ ಸಂಬಂಧ.

ಉತ್ತರ ಕೊಟ್ಟದ್ದು ಹೆಡ್ ಕಾನ್‌ಸ್ಟೇಬಲ್. ಮೀಸೆಯಿಂದಾಗಿ ಠಾಣೆಯಲ್ಲಿ ಆತನಿಗೆ ಮೀಸೆ ಎಂದೇ ಹೆಸರು.

"ವೀರ ಕೋಟೆಯ ಹೆಬ್ಬಾಗಿಲಲ್ಲಿ ಕತ್ತಿ ಹಿಡಿದೇ ಸತ್ತ ಅಂತ ಕಥೆ ಮೇಡಂ. ನಮ್ಮಜ್ಜ ಹಾಗೇ ಹೇಳ್ತಿದ್ರು, ಅವರಜ್ಜನೂ ಹಾಗೇ. ಇವರು ಏನು ಬರೆದ್ರು ಗೊತ್ತಾ? ಹಿಂದಿನ ಸಣ್ಣ ದಿಡ್ಡಿ ಬಾಗಿಲಿಂದ ಬಗ್ಗಿಕೊಂಡು ಓಡಿಹೋದ ಅಂತ."

"ಅದಕ್ಕೆ ಊರೆಲ್ಲ ಗಲಾಟೆ?"

"ಗಲಾಟೆ ಅಂದ್ರೆ! ಅಂಗಡಿಗೆ ಪುಸ್ತಕ ವಾಪಸ್ ತಂದು ಎಸೆದರು. ಇನ್ನು ಕೆಲವರು, ಈಗ ವೀರ ನಮ್ಮಂಥ ಮನುಷ್ಯ ಅನ್ನಿಸಿದ ಅಂತ ಅತ್ತರು. ಗಂಡ ಹೆಂಡತಿ ಮಾತು ಬಿಟ್ಟ ಮನೆಗಳೂ ಇವೆ."

"ನೀವು ಓದಿದ್ದೀರಾ?"

ಮೀಸೆ ತಲೆ ತಗ್ಗಿಸಿದ. "ಓದಿದೀನಿ. ಎರಡು ದಿನ ಊಟ ಸೇರಲಿಲ್ಲ."

ಸತ್ತವರ ಮೇಜಿನ ಮೇಲೆ ಆ ಕಾದಂಬರಿಯ ಒಂದು ಪ್ರತಿಯಿತ್ತು. ಕೆಲವು ಹಾಳೆಗಳನ್ನು ಯಾರೋ ಕಿತ್ತಿದ್ದರು. ಹರಿದ ಅಂಚು ಮಾತ್ರ ಉಳಿದಿತ್ತು. ಕಿತ್ತ ಹಾಳೆಗಳು ಕೋಣೆಯಲ್ಲೆಲ್ಲೂ ಇರಲಿಲ್ಲ. "ದಿಡ್ಡಿ ಬಾಗಿಲ ಪುಟಗಳೇ, ಇನ್ಯಾವುದು?" ಎಂದ ಮೀಸೆ, ಪುಸ್ತಕ ಮುಟ್ಟದೆ. ಬೆರಳಚ್ಚಿನವರು ಪುತ್ಥಳಿಯನ್ನೂ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಪುತ್ಥಳಿಯನ್ನು ಒರೆಸಿದ್ದು ಮೇಲುನೋಟಕ್ಕೇ ಗೊತ್ತಾಗುತ್ತಿತ್ತು.

ಕೆಳಗೆ ಅಡುಗೆಮನೆಯಲ್ಲಿ ಕಾದಂಬರಿಕಾರರ ಅಕ್ಕ ಸ್ಟೂಲಿನ ಮೇಲೆ ಕೂತಿದ್ದರು. ತಮ್ಮನಿಗಿಂತ ತುಂಬ ದೊಡ್ಡವರು. ತಾಯಿಯಿಲ್ಲದ ಕೂಸನ್ನು ಇವರೇ ಸಾಕಿದ್ದು ಎಂದು ಪ್ರಕಾಶಕರು ಮೇಡಂ ಕಿವಿಯಲ್ಲಿ ಹೇಳಿದರು.

"ಸಭೆಯಿಂದ ಬಂದವನೇ ಬರೀತೀನಿ ಅಂತ ಮೇಲೆ ಹೋದ. ಬರೆಯೋವಾಗ ನಾನು ಹತ್ತಿರ ಸುಳಿಯಲ್ಲ," ಎಂದರು ಅಕ್ಕ.

"ಸಂಜೆ ಯಾರಾದ್ರೂ ಬಂದಿದ್ರಾ?"

"ನಾನು ನೋಡಲಿಲ್ಲಮ್ಮ."

"ಈ ಕಾದಂಬರಿ ನೀವೂ ಓದಿದ್ರಾ?"

"ಈ ಕಣ್ಣಿಗೆ ಅಕ್ಷರ ಎಲ್ಲಿ ಕಾಣತ್ತೆ? ಅದೆಲ್ಲ ಓದಿದವರಿಗೆ."

*

ಮಧ್ಯಾಹ್ನದೊಳಗೆ ಒಬ್ಬ ಸಿಕ್ಕಿಬಿದ್ದ. ವ್ಯಾನ್ ಓಡಿಸುವ ಹುಡುಗ, ವೀರನ ಅಭಿಮಾನಿ ಸಂಘದ ಅಧ್ಯಕ್ಷ. ಸಂವಾದದಲ್ಲಿ ಕುರ್ಚಿ ಹತ್ತಿ ನಿಂತು "ವೀರನ್ನ ಹೇಡಿ ಮಾಡಿದ ಕೈ ಉಳಿಯಲ್ಲ" ಎಂದು ಕೂಗಿದ್ದ. ಅದೇ ಸಂಜೆ ಸತ್ತವರ ಮನೆಯ ಗೇಟಿನ ಬಳಿ ಅವನನ್ನು ಎದುರುಮನೆಯವರು ಕಂಡಿದ್ದರು. ಇನ್ನೇನು ಬೇಕು? ನಾಳೆಯೊಳಗೆ ಕೊಲೆ ಕೇಸು ಹಾಕಿ ಎಂದು ಮೇಲಿನವರ ಫೋನ್ ಬಂತು. ಹುಡುಗನ ತಾಯಿ ಠಾಣೆಯ ಬೆಂಚಿನ ಮೇಲೆ ಬಂದು ಕೂತಳು. ಯಾರು ಹೇಳಿದರೂ ಏಳಲಿಲ್ಲ.

"ಯಾವ ಪುಟಕ್ಕೆ ಅಷ್ಟು ಸಿಟ್ಟು?" ಎಂದು ಕೇಳಿದರು ಮೇಡಂ.

"ದಿಡ್ಡಿ ಬಾಗಿಲಿನ ಪುಟ. ಫೋನಲ್ಲಿ ಫೋಟೋ ಬಂದಿತ್ತು."

"ಉಳಿದ ಪುಸ್ತಕ?"

"ಅಷ್ಟು ದಪ್ಪ ಪುಸ್ತಕ ಯಾರು ಓದ್ತಾರೆ ಮೇಡಂ?"

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ. ಮೇಡಂಗೆ ನಗು ಬರಲಿಲ್ಲ. ಇಂಥವನೊಬ್ಬನ ಜನ್ಮ ಜೈಲಿನಲ್ಲಿ ಕಳೆದುಹೋದೀತಲ್ಲ ಎನ್ನಿಸಿತು.

"ಮನೆ ಹತ್ತಿರ ಯಾಕೆ ಹೋದೆ?"

"ಅಮ್ಮ ಬೈದಳು. ದೊಡ್ಡೋರಿಗೆ ಹಾಗೆಲ್ಲ ಅನ್ನಬಾರದಿತ್ತು, ಹೋಗಿ ತಪ್ಪಾಯ್ತು ಅನ್ನು ಅಂದಳು. ಹೋದೆ. ಆ ಅಜ್ಜಿ ಮೆಟ್ಟಿಲ ಕೆಳಗೇ ನಿಂತಿದ್ರು. ಮಲಗಿದ್ದಾನಪ್ಪ, ನಾಳೆ ಬಾ ಅಂದ್ರು. ವಾಪಸ್ ಬಂದೆ."

ಹೊರಗೆ ಬಂದ ಮೇಲೆ ಮೀಸೆ ಪಿಸುಗುಟ್ಟಿದ. "ಸುಳ್ಳು ಮೇಡಂ. ಯಾರೂ ಬರಲಿಲ್ಲ ಅಂತ ಅಜ್ಜಿ ಹೇಳಿದ್ರಲ್ಲ."

"ನಾನು ನೋಡಲಿಲ್ಲ ಅಂದ್ರು. ಇವನ ಮೇಲೆ ಬೆರಳು ತೋರಿಸಿದ್ದರೆ ಎಲ್ಲರೂ ನಂಬ್ತಿದ್ರು. ತೋರಿಸಲಿಲ್ಲ. ಯಾಕೆ?"



*

ಮರುದಿನ ಬೆಳಿಗ್ಗೆ ಪುಸ್ತಕ ಠಾಣೆಗೆ ಮರಳಿತು. ಮೇಡಂ ಅದನ್ನು ಮೊದಲ ಸಲ ಸಾವಕಾಶವಾಗಿ ತಿರುವಿದರು. ಆಮೇಲೆ ಮೀಸೆಯನ್ನು ಕರೆದರು.

"ದಿಡ್ಡಿ ಬಾಗಿಲಿನ ಪುಟ ಎಲ್ಲಿ ಬರತ್ತೆ?"

"ಕೊನೆಗೆ ಮೇಡಂ."

"ನೋಡಿ."

ಮೀಸೆ ನೋಡಿದ. ದಿಡ್ಡಿ ಬಾಗಿಲು ಇದ್ದಲ್ಲೇ ಇತ್ತು. ವೀರ ಬಗ್ಗಿಕೊಂಡು ಹೋಗುವ ಸಾಲುಗಳ ಮೇಲೆ ಒಂದು ಕಲೆಯೂ ಇರಲಿಲ್ಲ. ಹರಿದಿದ್ದುದು ಎಲ್ಲೋ ಮೊದಲಲ್ಲಿ, ವೀರ ಇನ್ನೂ ತೊಟ್ಟಿಲಲ್ಲಿರುವಾಗ.

ಅಂಗಡಿಯಿಂದ ಇನ್ನೊಂದು ಪ್ರತಿ ತರಿಸಿದರು. ಕಾದಂಬರಿ ಎಂದರೆ ದೂರ ಹೋಗುವ ಹೆಂಗಸು ಬಾಗಿಲು ಹಾಕಿಕೊಂಡು ಓದಲು ಕೂತರು. ಹರಿದ ಭಾಗ ದಾದಿಯ ಅಧ್ಯಾಯ. ಮುತ್ತಿಗೆಯ ಬರಗಾಲ. ವೀರನ ತಾಯಿ ಸತ್ತಿದ್ದಾಳೆ. ದಾದಿಯ ಎದೆಹಾಲು ಒಂದೇ ಮಗುವಿಗೆ ಸಾಲುವಷ್ಟು. ಅವಳು ಚಿನ್ನದ ಬಳೆ ಇಸಿದುಕೊಂಡು, ನಗುತ್ತ, ತನ್ನ ಹೆಣ್ಣುಕೂಸನ್ನು ಕೆಳಗಿಟ್ಟು ಒಡೆಯನ ಮಗನನ್ನು ಎತ್ತಿಕೊಳ್ಳುತ್ತಾಳೆ. ಹೆಣ್ಣುಕೂಸು ಸಾಯುತ್ತದೆ. ಅದಕ್ಕೊಂದು ಚಂದದ ಹೆಸರೂ ಇದೆ.

ಓದಿ ಮುಗಿಸಿ ಮೇಡಂ ಹರಿದ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪುಟಗಳ ಕೆಳಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟು. ಮೊದಲ ಪುಟದಿಂದ ಹಿಡಿದು ಒಂದೊಂದರಲ್ಲೂ. ಹರಿದ ಜಾಗದವರೆಗೆ. ಅಲ್ಲಿಂದಾಚೆ ಎಲ್ಲ ಪುಟಗಳೂ ಶುಭ್ರ.

"ಸಂವಾದದ ಬಂದೋಬಸ್ತಿಗೆ ನೀವೇ ಹೋಗಿದ್ರಲ್ಲ," ಎಂದರು. "ಅಕ್ಕ ಬಂದಿದ್ರಾ?"

"ಹಿಂದಿನ ಸಾಲಲ್ಲಿದ್ರು. ಮಧ್ಯದಲ್ಲೇ ಎದ್ರು. ನಾನೇ ಆಟೋ ಹತ್ತಿಸಿದೆ."

"ಹುಡುಗ ಕೂಗಿದಾಗಲಾ?"

"ಅಲ್ಲ ಮೇಡಂ, ಅದು ಆಮೇಲೆ." ಮೀಸೆ ನೆನಪಿಸಿಕೊಂಡ. "ಒಬ್ಬ ಟೀಚರಮ್ಮ ಮೈಕಿನಲ್ಲಿ ಆ ದಾದಿ ಮಗುವಿನ ಹೆಸರು ಹೇಳಿ, ಅದರ ತಾಯಿಯನ್ನ ಓದಿ ಮೈ ಜುಂ ಅಂತು, ಅಂಥ ತಾಯಿ ಎಲ್ಲಾದ್ರೂ ಇರ್ತಾಳಾ ಅಂದ್ರು. ಸಾಹಿತಿಗಳು ನಕ್ಕು, ಕಲ್ಪನೆ ಅಲ್ಲ, ಹತ್ತಿರದಿಂದ ನೋಡಿದ್ದೇನೆ ಅಂದ್ರು. ಎಲ್ಲ ಚಪ್ಪಾಳೆ ಹೊಡೆದ್ವಿ. ಆಗಲೇ ಅವರು ಎದ್ದಿದ್ದು."

ಆ ಚಪ್ಪಾಳೆಯಲ್ಲಿ ತನ್ನದೂ ಸೇರಿತ್ತು ಎಂಬುದು ಮೀಸೆಗೆ ತಡವಾಗಿ ಹೊಳೆಯಿತು. ಅವನು ಕುರ್ಚಿ ಹುಡುಕಿ ಕೂತ.

*

ಅಕ್ಕ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ಮೇಡಂ ಪುಸ್ತಕವನ್ನು ಅವರ ಮುಂದೆ ಇಟ್ಟರು.

"ಊರಿಗೆ ಊರೇ ವೀರನಿಗಾಗಿ ಜಗಳ ಆಡ್ತು. ಅವನಿಗಾಗಿ ಕೊಂದವರಾದರೆ ದಿಡ್ಡಿ ಬಾಗಿಲಿನ ಪುಟ ಹರೀಬೇಕಿತ್ತು. ಹರಿದವರು ಅಲ್ಲಿವರೆಗೆ ಓದೇ ಇಲ್ಲ. ಅಡುಗೆ ಮಾಡ್ತಾ ಮಾಡ್ತಾ, ಎಣ್ಣೆ ಕೈಯಲ್ಲಿ, ನಿಧಾನವಾಗಿ ದಾದಿಯ ಹತ್ತಿರ ಬಂದು ನಿಂತುಬಿಟ್ಟರು. ಯಾವ ಪುಟದಿಂದ ನೋವಾಗತ್ತೋ ಅದೇ ನಮ್ಮ ಪುಟ ಅಲ್ವಾ, ಅಮ್ಮ?"

ಅಕ್ಕ ಕಟ್ಟೆ ಒರೆಸುತ್ತಲೇ ಇದ್ದರು.

"ಆ ಸಂಜೆ ಬಂದ ಹುಡುಗನ್ನ ಹಿಡಿದಿದ್ದಾರೆ. ಅವನ ತಾಯಿ ನೆನ್ನೆಯಿಂದ ಠಾಣೆ ಬೆಂಚಿನ ಮೇಲಿದ್ದಾಳೆ. ನೀರೂ ಮುಟ್ಟಿಲ್ಲ."

ಒರೆಸುವ ಕೈ ನಿಂತಿತು.

"ನನಗೆ ಯಾರೂ ಹೇಳಲಿಲ್ಲ," ಎಂದರು ಅಕ್ಕ. "ಅವನ ಹೆಸರು ಬರೋದೇ ಬೇಡ ಅಂತ, ನೋಡಲಿಲ್ಲ ಅಂದೆ." ಸ್ಟೂಲಿನ ಮೇಲೆ ಕೂತರು. "ಬಿಟ್ಟುಬಿಡಮ್ಮ ಅವನನ್ನ. ಒಬ್ಬರಿಗೋಸ್ಕರ ಇನ್ನೊಬ್ಬಳ ಮಗು ಹೋಗಬಾರದು."

ಆಮೇಲೆ ಅವರು ಹೇಳಿದ್ದನ್ನು ಮೀಸೆ ಬರೆದುಕೊಳ್ಳಬೇಕಿತ್ತು. ಅವನು ಪೆನ್ನು ಮುಚ್ಚಿ ಜೇಬಿಗಿಟ್ಟ.

"ಇವನ್ನ ಹೆತ್ತು ನಮ್ಮಮ್ಮ ತೀರಿಕೊಂಡಳು. ನನ್ನ ಮಡಿಲಲ್ಲೂ ಹಸುಗೂಸಿತ್ತು. ಹಾಲು ಇಬ್ಬರಿಗೆ ಸಾಲ್ತಿರಲಿಲ್ಲ. ಗಂಡುಮಗು ಮೊದಲು ಅಂದ್ರು ಅಪ್ಪ. ನನ್ನ ಮಗಳನ್ನ ಕೈಯಿಂದ ಕಿತ್ತುಕೊಂಡು ಆಚೆ ಕೋಣೆಯಲ್ಲಿ ಮಲಗಿಸಿ ಚಿಲಕ ಹಾಕಿದ್ರು. ಅವಳು ಅಳ್ತಾ ಇದ್ದಳು, ಇವನು ಕುಡೀತಾ ಇದ್ದ. ಒಂದು ದಿನ ಅಳು ನಿಂತುಹೋಯ್ತು."

ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ದೊಡ್ಡವನಾದ ಮೇಲೆ ಒಮ್ಮೆ ಕೇಳಿದ, ನಿನಗೆ ಮಕ್ಕಳಿರಲಿಲ್ವಾ ಅಕ್ಕ ಅಂತ. ಹೇಳಿದೆ. ಅವಳ ಹೆಸರನ್ನೂ ಹೇಳಿದೆ. ಅದನ್ನ ಬರೆದಿದ್ದಕ್ಕಲ್ಲಮ್ಮ ನನಗೆ ಸಂಕಟ. ಬಳೆ ತಗೊಂಡು ನಗ್ತಾ ಕೆಳಗಿಟ್ಟಳು ಅಂತ ಬರೆದನಲ್ಲ. ನಾನು ಕೆಳಗಿಡಲಿಲ್ಲ. ನನ್ನಿಂದ ಕಿತ್ತುಕೊಂಡ್ರು. ಸಭೆಯಿಂದ ಬಂದ ಮೇಲೆ, ಆ ಹಾಳೆ ಕಿತ್ತಿಟ್ಟು, ಪುಸ್ತಕ ಹಿಡ್ಕೊಂಡು ಮಹಡಿ ಹತ್ತಿ ಕೇಳಿದೆ, ಮುಂದಿನ ಅಚ್ಚಿನಲ್ಲಿ ಅಷ್ಟು ತಿದ್ದಪ್ಪ ಅಂತ. ಅವನೇನಂದ ಗೊತ್ತಾ? ಇಡೀ ಪುಸ್ತಕದಲ್ಲಿ ಯಾರೂ ಬೈಯದೆ ಇರೋದು ಅದೊಂದೇ ಅಧ್ಯಾಯ ಅಕ್ಕ, ಓದಿದವರೆಲ್ಲ ಹೊಗಳ್ತಿದ್ದಾರೆ, ಅದನ್ನ ಯಾಕೆ ಮುಟ್ಟಲಿ ಅಂದ. ಬೆನ್ನು ತಿರುಗಿಸಿ ಬರೆಯೋಕೆ ಕೂತ. ಕೈಗೆ ಸಿಕ್ಕಿದ್ದು ಆ ಕುದುರೆ."

ಅತ್ತಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು. ಅಕ್ಕ ಅಳಲಿಲ್ಲ. ಒಳಗೆ ಹೋಗಿ ಟ್ರಂಕು ತೆಗೆದು, ಬಣ್ಣ ಮಾಸಿದ, ಕೂಸಿನ ತಲೆಗೆ ಹಾಕುವ ಪುಟ್ಟ ಕುಲಾವಿಯೊಂದನ್ನು ತಂದರು. ಅದರೊಳಗೆ ಮಡಿಸಿಟ್ಟ ಹಾಳೆಗಳು.

"ಪಕ್ಕದಲ್ಲೇ ಒಲೆಯಿತ್ತು," ಎಂದರು ಮೇಡಂ. "ಸುಟ್ಟಿದ್ದರೆ ನಮಗೆ ಸಾಕ್ಷಿಯೇ ಇರ್ತಿರಲಿಲ್ಲ."

"ಹೇಗೆ ಸುಡಲಿ? ಅವಳ ಹೆಸರು ಬರೆದಿರೋದು ಅದೊಂದೇ ಕಡೆ."

ಠಾಣೆಗೆ ಫೋನ್ ಮಾಡಿ ಹುಡುಗನನ್ನು ತಾಯಿಯ ಜೊತೆ ಮನೆಗೆ ಕಳಿಸಲು ಮೇಡಂ ಹೇಳಿದರು. ಆಮೇಲೆ ಹಾಳೆಗಳನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಕುಲಾವಿಯನ್ನು ಅಕ್ಕನ ಕೈಯಲ್ಲೇ ಬಿಟ್ಟರು. ಜೀಪಿನ ಹತ್ತಿರ ಬಂದಾಗ ಅಕ್ಕ ಲಕೋಟೆಯ ಕಡೆ ನೋಡಿದರು.

"ಎಲ್ಲ ಮುಗಿದ ಮೇಲೆ ಅದನ್ನ ನನಗೆ ವಾಪಸ್ ಕೊಡ್ತೀರಾ?"

ಕಾನೂನಿನಲ್ಲಿ ಅದಕ್ಕೆ ಏನು ಉತ್ತರವಿದೆಯೆಂದು ಮೇಡಂಗೆ ಗೊತ್ತಿತ್ತು. ಆದರೂ "ಕೊಡ್ತೀನಿ ಅಮ್ಮ" ಎಂದರು.