ಹೊಲದ ಹಲಗೆಯ ಮೇಲಿನ ಹೆಸರು

"ನನ್ನ ಕೇಳ್ಬೇಡಿ ಮೇಡಂ. ಅಮ್ಮನ್ನ ಕೇಳಿ."

ಮಸಾವುಕೋ ತಲೆಯೆತ್ತದೆಯೇ ಹೇಳಿದ. ಡೆಡ್ಜಾ ಬೆಟ್ಟದ ಕೆಳಗಿನ ಕಡಲೆಕಾಯಿ ಹೊಲದಲ್ಲಿ, ಗುದ್ದಲಿ ಹಿಡಿದು ನಿಂತ ಅವನನ್ನು ಲುಸುಂಗು, ಯಾವ ತಳಿ ಬಿತ್ತೋಣ ಎಂದು ಕೇಳಿದ್ದಳು.

ಸಂಶೋಧನಾ ಕೇಂದ್ರದ ಹೊಸ ಅಧಿಕಾರಿ ಅವಳು. ಹೊಸ ತಳಿಗಳನ್ನು ರೈತರ ಜೊತೆ ಸೇರಿಯೇ ಪರೀಕ್ಷಿಸಬೇಕು, ಅವರು ಪಾಲುದಾರರು, ಅವರ ಮಾತು ಮೊದಲು ಕೇಳಬೇಕು ಎಂದು ಹತ್ತು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದಳು.

ಹೊಲದಂಚಿನ ಮನೆಯ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದ ಮುದುಕಿ ನಾಬಂದಾ ಇವಳನ್ನೇ ದಿಟ್ಟಿಸುತ್ತಿದ್ದಳು. ಆ ನೋಟಕ್ಕೆ ಲುಸುಂಗು ಹೆದರಿದಳು. ಹೊಸಬರ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಮೊದಲಿಂದಲೂ ಜೀವ ಹಿಂಡಿದ ಹಾಗೆ. ಆದರೆ ಇವನ ದನಿಯಲ್ಲಿ ಏನೋ ದಣಿವಿತ್ತು... ದಣಿದವರ ಎದುರು ಅವಳಿಗೆ ಸಂಕೋಚ ಕಡಿಮೆ.

‘ಮಗ ನಾಚಿಕೆಯವನು. ತಾಯಿಯ ಮೇಲೆ ಹಾಕುತ್ತಿದ್ದಾನೆ’ ಎಂದುಕೊಂಡು ಅವನನ್ನೇ ಮತ್ತೆ ಕೇಳಿದಳು. ಮನೆಗೆ ಬಂದವರಿಗೆ ಎರಡನೇ ಸಲ ಇಲ್ಲ ಎನ್ನುವ ರೂಢಿ ಅಲ್ಲಿಲ್ಲ. ಅವನು ಉತ್ತರ ಕೊಟ್ಟ.

ಎಲ್ಲಾ ಕೆಟ್ಟಿದ್ದು ಅಲ್ಲೇ.

ನಾಲ್ಕು ತಿಂಗಳು ಇಬ್ಬರೂ ಸಾಲು ಸಾಲು ಓಡಾಡಿದರು. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಬೀಜ ತುಂಬಿದೆಯೋ ಇಲ್ಲವೋ ಎಂದು ಅವನು ಹೇಳಿಬಿಡುತ್ತಿದ್ದ. ಅವಳು ಬರೆದುಕೊಳ್ಳುವುದನ್ನು ಮರೆತು ಅವನ ಕೈಯನ್ನೇ ನೋಡುತ್ತಿದ್ದಳು. ಯಾವ ತಳಿ ಚೆನ್ನ ಎಂದರೆ, ಅವಳಿಗೆ ಇಷ್ಟವಾದದ್ದನ್ನೇ ತೋರಿಸಿ "ಇದೇ" ಅನ್ನುತ್ತಿದ್ದ. ಜೀವನದಲ್ಲಿ ಮೊದಲ ಸಲ, ಒಬ್ಬರ ಎದುರು ಮಾತನ್ನು ಅಳೆದು ತೂಗದೆ ಆಡಿದ್ದಳು ಹುಡುಗಿ.

ಹೊಸ ತಳಿಗಳನ್ನು ಊರಿಗೆ ತೋರಿಸುವ ಕ್ಷೇತ್ರೋತ್ಸವಕ್ಕೆ ರಾಜಧಾನಿ ಲಿಲೋಂಗ್ವೆಯಿಂದ ಅಧಿಕಾರಿಗಳು ಬಂದರು. ಊರೆಲ್ಲ ನೆರೆಯಿತು. ಹೇಳಿಕೊಳ್ಳಲಾಗದ ಪ್ರೀತಿಯನ್ನೆಲ್ಲ ಸುರಿದು ಲುಸುಂಗು ಒಂದು ಹಲಗೆ ಬರೆಸಿ ನೆಡಿಸಿದ್ದಳು: ‘ಮಸಾವುಕೋ ಅವರ ಹೊಲ’.

ನಾಬಂದಾಳ ತಮ್ಮ ಅದನ್ನು ನಿಧಾನವಾಗಿ, ಜೋರಾಗಿ ಓದಿ ಮಸಾವುಕೋನತ್ತ ತಿರುಗಿದ.

"ಅಳಿಯಂದ್ರೇ, ಹೊಲ ಯಾರದ್ದು ಅಂತ ನಮಗೇ ಗೊತ್ತಿರಲಿಲ್ಲ ನೋಡಿ. ಲಿಲೋಂಗ್ವೆಯವರು ಬರೆದೇ ಕೊಟ್ರಲ್ಲ, ಒಳ್ಳೇದಾಯ್ತು."

ಒಂದಿಬ್ಬರು ನಕ್ಕರು. ಲುಸುಂಗು ಮಸಾವುಕೋನನ್ನೂ ಮುದುಕಿಯನ್ನೂ ಬದಲಿಸಿ ಬದಲಿಸಿ ನೋಡಿದಳು. ಅಳಿಯ...?

ಉತ್ತರದ ರುಂಫಿ ಕಡೆಯವಳು ಅವಳು. ಅಲ್ಲಿ ಹೊಲ ತಂದೆಯಿಂದ ಮಗನಿಗೆ. ಇಲ್ಲಿ ತಾಯಿಯಿಂದ ಮಗಳಿಗೆ, ಗಂಡ ಬರುವುದು ಹೆಂಡತಿಯ ಊರಿಗೆ. ಹೆಂಡತಿ ತೀರಿದರೆ, ಅವಳ ಮನೆಯವರು ಬಿಟ್ಟುಕೊಟ್ಟ ಮೇಲೆ ಅವನು ತನ್ನ ತಾಯಿಯ ಊರಿಗೆ ಹಿಂತಿರುಗಬೇಕು. ಮಸಾವುಕೋನ ಹೆಂಡತಿ ಲೊನಿಯಾ ತೀರಿಕೊಂಡು ಎರಡು ಸುಗ್ಗಿಯಾಗಿತ್ತು. ನೀನಿನ್ನು ಹೋಗಬಹುದು ಎಂದು ಅತ್ತೆ ಹೇಳಿರಲಿಲ್ಲ, ಹೋಗಲೇ ಎಂದು ಅವನೂ ಕೇಳಿರಲಿಲ್ಲ. ಲೊನಿಯಾಳ ಸಮಾಧಿ ಇದ್ದ ಊರಿನಲ್ಲಿ, ಯಾರ ಬಾಯಿಗೂ ಬೀಳದೆ ಅವನು ಉಳಿದುಕೊಂಡಿದ್ದ.

ಅವನಿನ್ನೂ ಉಳಿದಿರುವುದನ್ನು ಹಲಗೆ ಊರಿಗೆಲ್ಲ ಸಾರಿತು. ಸತ್ತವಳ ಹೊಲ ಕಬಳಿಸಲು ಕೂತವನು ಎಂಬ ಮಾತು ಹುಟ್ಟಿತು.

ಮಸಾವುಕೋ ಅವಳನ್ನು ಒಮ್ಮೆ ನೋಡಿದ, ಅಷ್ಟೇ. ಮರುದಿನ ಅವನಿರಲಿಲ್ಲ. ಅತ್ತೆಗೂ ಹೇಳದೆ ತನ್ನ ತಾಯಿಯ ಊರಿಗೆ ನಡೆದುಬಿಟ್ಟಿದ್ದ.

ಮೂರು ದಿನ ಲುಸುಂಗು ಅತ್ತಳು. ನಾಲ್ಕನೇ ದಿನ ಜಗಲಿಯ ಮುಂದೆ ಮಂಡಿಯೂರಿ, ತಪ್ಪಾಯಿತು ಎಂದಳು. ಇನ್ನೇನೂ ಸೇರಿಸಲಿಲ್ಲ, ಏನೂ ಕೇಳಲಿಲ್ಲ. ನಾಬಂದಾ ಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ ತನ್ನ ಬೆರಳುಗಳನ್ನು ಚಾಚಿ ತೋರಿಸಿದಳು. ಉಗುರಿನ ಬುಡ ಕಿತ್ತು ರಕ್ತ ಹೆಪ್ಪುಗಟ್ಟಿತ್ತು.

"ನೀನು ಮೆಚ್ಚಿದ ತಳಿ ಇದು. ಸಿಪ್ಪೆ ಕಲ್ಲು. ಸುಲಿಯೋರು ನಾವು ಹೆಂಗಸ್ರು, ನೀನು ಕೇಳಿದ್ದು ಅವನನ್ನ. ನಮ್ಮನೇಲಿ ಬೀಜ ಆರಿಸ್ತಿದ್ದೋಳು ಲೊನಿಯಾ, ಗೊತ್ತಾ?"

"ಇಲ್ಲಮ್ಮ..."

"ಅವಳ ಹೆಸರು ಹೇಳೋಕೆ ಮನೇಲಿ ಇನ್ನೊಬ್ಬ ಇರ್ಲಿ ಅಂತ ಅವನನ್ನ ಇಟ್ಕೊಂಡಿದ್ದೆ. ನಂದೂ ತಪ್ಪೇ ಮಗಳೇ."

ಮುದುಕಿ ಅಂದು ಸಂಜೆಯವರೆಗೆ ಮಾತಾಡಿದಳು. ಲುಸುಂಗು ಬರೀ ಕೇಳಿದಳು. ಬೆಳಿಗ್ಗೆ ಇಬ್ಬರೂ ನಡೆದೇ ಮಸಾವುಕೋನ ಊರಿಗೆ ಹೊರಟರು.

ಅವನ ತಾಯಿಯ ಅಂಗಳದಲ್ಲಿ, ಎಲ್ಲರ ಎದುರಿಗೇ ನಾಬಂದಾ ಅವನ ಎರಡೂ ಕೈ ಹಿಡಿದಳು. "ನೀನು ಕದ್ದು ಓಡಿಬಂದೋನಲ್ಲ. ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಂಡೋನು. ನಾನೇ ಬಿಟ್ಟುಕೊಡ್ತಿದೀನಿ. ಹೋಗಪ್ಪ, ಬದುಕು."

ಮಸಾವುಕೋ ಅಂಗಳದಲ್ಲೇ ಕುಸಿದು ಅತ್ತ. ಆ ಹೊಲಕ್ಕೆ, ಆ ಸಮಾಧಿಗೆ ಅವನಿನ್ನು ಬರೀ ನೆಂಟ.

ಹೆಂಗಸರು ಒಳಗೆ ಹೋದರು. ಲುಸುಂಗು ದೂರದಲ್ಲೇ ನಿಂತಿದ್ದಳು.

"ಅವರು ನಿಮ್ಮ ಅತ್ತೆ ಅಂತ ಗೊತ್ತಿರಲಿಲ್ಲ" ಎಂದಳು. "ಒಂದು ಮಾತು ಕೇಳಿದ್ರೆ ಸಾಕಿತ್ತು... ಕೇಳಲಿಲ್ಲ."

"ನಾನೂ ಹೇಳಲಿಲ್ಲ." ಅವನು ಮುಖ ಒರೆಸಿಕೊಂಡ. "ಹೇಳಿದ್ರೆ ನೀವು ಬೇರೆ ಹೊಲಕ್ಕೆ ಹೋಗ್ತೀರಿ ಅಂತ ಭಯ."

ಅವಳ ಕಣ್ಣು ತುಂಬಿಬಂತು.

"ಲೊನಿಯಾ ನನ್ನೊಳಗಿಂದ ಹೋಗಲ್ಲ, ಲುಸುಂಗು."

"ಅವಳನ್ನ ಕಳಿಸಿ ಬನ್ನಿ ಅಂತ ನಾನು ಕೇಳ್ತಿಲ್ಲ."

ಅವನು ಎದ್ದು ಅವಳ ಹತ್ತಿರ ಬಂದ.

"ನಮ್ಮಲ್ಲಿ ಗಂಡು ಹೆಣ್ಣಿನ ಊರಿಗೆ ಹೋಗ್ಬೇಕು" ಎಂದ ಮೆಲ್ಲಗೆ.

"ನಮ್ಮಲ್ಲಿ ಹೆಣ್ಣು ಗಂಡಿನ ಊರಿಗೆ."

"ಹಾಗಾದ್ರೆ?"

"ಇಬ್ಬರೂ ಹೊರಡೋಣ. ದಾರೀಲಿ ಎಲ್ಲಾದ್ರೂ ಸಿಕ್ತೀವಲ್ಲ."