ಅಂಗಡಿಯಲ್ಲಿದ್ದ ಛತ್ರಿ

"ಇದು ಮಳೆಗಲ್ಲ ಮೇಡಂ!"

ಅವಳು ತಲೆ ಎತ್ತಿದಳು. ಎದುರಿಗಿದ್ದವನ ತೋಳಿನಲ್ಲಿ ಆಳೆತ್ತರದ ಕೆಂಪು ಛತ್ರಿ. ಕೆನ್ನೆಯ ಮೇಲೆ ಅರ್ಧ ಒರೆಸಿದ ಬಣ್ಣ, ತುಟಿಯ ಮೇಲೆ ಒಂದೇ ಕಡೆ ಮೀಸೆ! ರಿಹರ್ಸಲ್ ಬಿಟ್ಟು ಹಾಗೇ ಓಡಿ ಬಂದಿದ್ದ.

"ಮಳೆಗಲ್ದೆ ಮತ್ಯಾಕೆ ಛತ್ರಿ?"

"ಇದು ನನ್ನ ಮನೆ ಛಾವಣಿ. ನಾಟಕದಲ್ಲಿ ಕಣ್ರೀ! ಬಿಚ್ಚಿದ್ರೆ ಬಿಚ್ಕೊಳ್ತಾನೇ ಇಲ್ಲ. ಛಾವಣಿ ಇಲ್ದಿರೋನಿಗೆ ಯಾರು ಹೆಣ್ಣು ಕೊಡ್ತಾರೆ ಹೇಳಿ?"

ಅಪ್ಪನ ಕಣ್ಣು ಮಂಜಾದ ಮೇಲೆ ಛತ್ರಿ ರಿಪೇರಿ ಅಂಗಡಿ ಅವಳ ಪಾಲಿಗೆ ಬಂದಿತ್ತು. ಗಿರಾಕಿಗಳ ಜೊತೆ ಹಲ್ಲು ಕಿರಿಯುವ ಜಾಯಮಾನ ಅವಳದಲ್ಲ. ಆದರೆ ಆ ಒಂಟಿ ಮೀಸೆ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ! ಛತ್ರಿ ಆಯ್ತಾ ಎಂದು ಕೇಳುವ ನೆಪದಲ್ಲಿ ದಿನಾ ಬಂದ. ಮುರಿದ ಕಡ್ಡಿಗಳನ್ನೆಲ್ಲ ತಂತಿಯಲ್ಲಿ ಬಿಗಿದು ಒಂದು ಜಿರಾಫೆ ಮಾಡಿ ಅವಳ ಮೇಜಿನ ಮೇಲೆ ನಿಲ್ಲಿಸಿದ. ಅವಳೂ ಬೇಕಂತಲೇ ಕೆಲಸವನ್ನು ನಿಧಾನ ಮಾಡಿದಳು. 'ಮುಗಿದುಬಿಟ್ಟರೆ ಬರುವುದೇ ಇಲ್ಲವಲ್ಲ...'

ಒಂದು ಮಧ್ಯಾಹ್ನ ಅವನು ಅಂಗಡಿಯ ಹೊರಗೆ ಗೆಳೆಯನೊಬ್ಬನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಅವಳು ಚಹಾ ಹಿಡಿದು ಬಾಗಿಲಿಗೆ ಬಂದಳು.

"ಅಂಗಡೀಲಿರೋ ಛತ್ರಿನ ನಂಬ್ಕೊಂಡ್ರೆ ನಾಟಕ ಕೆಡುತ್ತೆ ಕಣೋ! ಮೇಲೆ ಮಾತ್ರ ಬಣ್ಣ, ಒಳಗೆ ಬರೀ ತುಕ್ಕು..."

ಅವಳು ಚಹಾ ಲೋಟವನ್ನು ಹಾಗೇ ಒಳಗೆ ವಾಪಸ್ ಒಯ್ದಳು.

ಛತ್ರಿ! ಮೋಸಗಾರರನ್ನು ಜನ ಬೈಯುವ ಆ ಮಾತು ಅವಳ ಬೆನ್ನು ಬಿಟ್ಟಿದ್ದೇ ಇಲ್ಲ. ಶಾಲೆಯಲ್ಲಿ ಅವಳು 'ಛತ್ರಿ ಮಗಳು'. ಅಪ್ಪನನ್ನು 'ದೊಡ್ಡ ಛತ್ರಿ' ಎಂದು ರೇಗಿಸಿದರೆ ಅಪ್ಪ ನಕ್ಕುಬಿಡುತ್ತಿದ್ದರು, ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಇವನೂ... ಇವನೂ ಅದನ್ನೇ ಅಂದನಲ್ಲ!

ಅವಳು ಕೆಂಪು ಛತ್ರಿಯನ್ನು ಅರೆಬರೆ ರಿಪೇರಿಯಲ್ಲೇ ಅವನ ಕೈಗೆ ತುರುಕಿದಳು.

"ಇದು ಸರಿಹೋಗಲ್ಲ. ತಗೊಂಡ್ಹೋಗಿ."

"ಯಾಕ್ರೀ? ಏನಾಯ್ತು?"

"ಅಂಗಡೀಲಿರೋರನ್ನ ನಂಬಬೇಡಿ. ಅಷ್ಟೇ."

ಅವನು ಮುಖ ಬಾಡಿಸಿಕೊಂಡು ನಾಟಕದ ಟಿಕೆಟ್‌ಗಳನ್ನು ಮೇಜಿನ ಮೇಲಿಟ್ಟು ಹೋದ. ಅವಳು ಜಿರಾಫೆಯನ್ನು ಡ್ರಾಯರ್‌ಗೆ ತಳ್ಳಿದಳು. ಎಸೆಯಲು ಮನಸ್ಸಾಗಲಿಲ್ಲ.

ನಾಟಕದ ದಿನ ಅಪ್ಪ ಬೆಳಗ್ಗೆಯಿಂದಲೇ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಸಂಜೆ ಅವಳೂ ಹೊರಟಳು. 'ನೋಡೋದಕ್ಕಲ್ಲ. ನಾಟಕ ಮುಗಿದ ತಕ್ಷಣ ಎಲ್ಲರೆದುರೇ ಕೇಳ್ತೀನಿ, ನಾನು ನಿಮಗೇನು ಮೋಸ ಮಾಡಿದೆ ಅಂತ. ಅಲ್ಲೀವರೆಗೂ ಒಂದು ಸಲಾನೂ ನಗಲ್ಲ!'

ಪರದೆ ಸರಿಯಿತು. ರಂಗದ ಮೇಲೆ ಛತ್ರಿಗಳು ಬಿಟ್ಟರೆ ಏನೂ ಇಲ್ಲ!

ಕಥೆ ಇಷ್ಟೇ. ಮನೆಯಿಲ್ಲದ ಹುಡುಗನೊಬ್ಬ, ಅದು ಅವನದೇ ಪಾತ್ರ, ಬಂಗಲೆಯಿದೆ ಎಂದು ಬುರುಡೆ ಬಿಟ್ಟಿದ್ದಾನೆ. ಹುಡುಗಿಯ ತಂದೆ ಮನೆ ನೋಡಲು ಬಂದೇ ಬಿಟ್ಟಿದ್ದಾನೆ! ಹುಡುಗ ಅವಸರದಲ್ಲಿ ಛತ್ರಿಗಳಿಂದಲೇ ಮನೆ ಕಟ್ಟುತ್ತಾನೆ. ಒಂದನ್ನು ಅಡ್ಡ ಹಿಡಿದು 'ಕಿರ್ರ್' ಎಂದು ಬಾಯಲ್ಲೇ ಸದ್ದು ಮಾಡಿದರೆ ಬಾಗಿಲು. ತಲೆಕೆಳಗಾಗಿ ಬಿಚ್ಚಿದರೆ ಸ್ನಾನದ ತೊಟ್ಟಿ. ಗಿಡ್ಡ ಛತ್ರಿಯ ಹಿಡಿಯನ್ನು ಕಿವಿಗಿಟ್ಟರೆ ಟೆಲಿಫೋನು. ಕರಿ ಛತ್ರಿಗೆ ಶಾಲು ಹೊದಿಸಿ ಕನ್ನಡಕ ಏರಿಸಿದರೆ... ಹುಡುಗನ ಅಜ್ಜಿ!

"ಅಜ್ಜಿ ಮಾತಾಡಲ್ವಾ?" ಎಂದು ಹುಡುಗಿಯ ತಂದೆಯ ಪಾತ್ರ ಮಾಡಿದ್ದ ಅವನ ಗೆಳೆಯ ಕೇಳಿದ.

"ಬಿಚ್ಚಿ ಮಾತಾಡೋ ಅಭ್ಯಾಸ ಇಲ್ಲ ಮಾವಾ!"

ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅಪ್ಪನಿಗೆ ಕಂಡಿದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು, ಆದರೂ ತೊಡೆ ತಟ್ಟಿಕೊಂಡು ನಗುತ್ತಿದ್ದರು.

"ಅಪ್ಪಾ, ನಗ್ಬೇಡಿ!"

"ನೀನ್ಯಾಕೆ ತುಟಿ ಕಚ್ಕೊಂಡಿದೀಯ ಪುಟ್ಟಿ?"

ಕೊನೆಗೆ ಛಾವಣಿಯ ಸರದಿ. ಅವನು ಕೆಂಪು ಛತ್ರಿ ಎತ್ತಿ ಹಿಡಿದು ಗುಂಡಿ ಒತ್ತಿದ. ಬಿಚ್ಚಲಿಲ್ಲ. ಜಗ್ಗಿದ, ಅಲ್ಲಾಡಿಸಿದ... ಊಹೂಂ! ಜನ ಇದೂ ತಮಾಷೆ ಎಂದುಕೊಂಡು ನಕ್ಕರು. ಅವನ ಹಣೆಯ ಬೆವರು ನಾಟಕದ್ದಲ್ಲ ಎಂದು ಗೊತ್ತಾಗಿದ್ದು ಅವಳಿಗೊಬ್ಬಳಿಗೇ. ಅರ್ಧಕ್ಕೆ ಬಿಟ್ಟವಳು ಅವಳೇ ಅಲ್ಲವೇ?

ಗೆಳೆಯ ನಾಟಕದಲ್ಲಿಲ್ಲದ ಮಾತು ಹೊಸೆದ. "ಅಳಿಯಂದ್ರೇ! ಅಂಗಡೀಲಿರೋ ಛತ್ರಿನ ನಂಬ್ಕೊಂಡ್ರೆ ನಾಟಕ ಕೆಡುತ್ತೆ, ಒಳಗೆ ಬರೀ ತುಕ್ಕು ಅಂತ ಫೋನಲ್ಲಿ ಹೇಳಿದ್ದು ನೀವೇ ಅಲ್ವಾ? ಬೇರೆ ಛಾವಣಿ ತಂದಿದ್ರಲ್ಲ, ಅದೆಲ್ಲಿ?"

ಅವಳು ಕುರ್ಚಿಯ ಅಂಚಿಗೆ ಸರಿದಳು. 'ಅಂದ್ರೆ... ಆವತ್ತು ಅಂದಿದ್ದು ಈ ಛತ್ರಿಗಾ? ನನಗಲ್ವಾ? ಅಯ್ಯೋ ದೇವರೇ!'

"ಅದು ಬೇಡ ಮಾವಾ," ಅವನ ದನಿ ಮೆತ್ತಗಾಯಿತು. "ನನ್ನ ಮನೆಗೆ ಇದೇ ಛಾವಣಿ. ಬಿಚ್ಚಲಿ, ಬಿಡಲಿ."

ಅವಳು ಎದ್ದು ನಿಂತಳು.

"ಎಲ್ಲಿಗೆ ಪುಟ್ಟಿ?"

"ಕೆಲಸ ಬಾಕಿ ಇದೆ ಅಪ್ಪಾ."

ಜನರ ಕಾಲು ದಾಟಿ, ಮೆಟ್ಟಿಲು ಹತ್ತಿ, ಅವಳು ರಂಗದ ಬೆಳಕಿಗೆ ಬಂದೇ ಬಿಟ್ಟಳು. ಇವತ್ತು ಹಿಂದೆ ಸರಿಯುವುದಿಲ್ಲ.

"ಯಾರಮ್ಮ ನೀನು?" ಗೆಳೆಯ ಕಕ್ಕಾಬಿಕ್ಕಿಯಾದ.

"ಈ ಮನೆ ಛಾವಣಿ ರಿಪೇರಿಯವಳು!"

ಚಪ್ಪಾಳೆಯೋ ಚಪ್ಪಾಳೆ. ಅವಳು ತಲೆಯಿಂದ ಹೇರ್‌ಪಿನ್ ಕಿತ್ತು, ಹಿಡಿಯ ಸಂದಿಗೆ ತೂರಿಸಿ, ಸಿಕ್ಕಿಕೊಂಡಿದ್ದ ಸ್ಪ್ರಿಂಗನ್ನು ಎಬ್ಬಿಸಿದಳು. ಫಟ್! ಕೆಂಪು ಛತ್ರಿ ಬಿಚ್ಚಿಕೊಂಡು ಮುಂದಕ್ಕೆ ವಾಲಿತು, ಅವರಿಬ್ಬರೂ ಅದರ ಹಿಂದೆ ಮರೆಯಾದರು.

"ಆವತ್ತು ಫೋನಲ್ಲಿ ಛತ್ರಿ ಅಂದ್ರಲ್ಲ... ನಾನು ಅದು ನನಗೇ ಅಂದ್ಕೊಂಡೆ."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ! ಅದಕ್ಕಾ ಆವತ್ತು..."

"ತಪ್ಪಾಯ್ತು. ಕೇಳ್ದೇನೇ ಸಿಟ್ಟು ಮಾಡ್ಕೊಂಡೆ. ಇನ್ನೊಂದು ಮಾತು ಹೇಳ್ಬೇಕು. ಈಗ್ಲೇ ಹೇಳ್ತೀನಿ, ಆಮೇಲೆ ಧೈರ್ಯ ಇರುತ್ತೋ ಇಲ್ವೋ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವನ ಕಣ್ಣು ತುಂಬಿ ಬಂತು. ಛತ್ರಿಯಾಚೆಯಿಂದ ಗೆಳೆಯ ಕೂಗಿದ, "ಅಳಿಯಂದ್ರೇ, ಮನೆ ಒಳಗೆ ಏನ್ರೀ ನಡೀತಿದೆ?"

ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಅಪ್ಪನ ನಗು.

"ನನ್ನದೂ ಒಂದು ರಿಪೇರಿ ಇದೆ," ಅವನು ಪಿಸುಗುಟ್ಟಿದ. "ದಿನಾ ಸುಳ್ಳು ನೆಪ ಹೇಳ್ಕೊಂಡು ನಿಮ್ಮ ಅಂಗಡಿಗೆ ಬರ್ತಿದ್ದ ಒಂದು ದೊಡ್ಡ ಛತ್ರಿ. ಸರಿ ಮಾಡ್ತೀರಾ?"

ಜೀವನದಲ್ಲಿ ಮೊದಲ ಸಲ ಆ ಮಾತು ಕೇಳಿ ಅವಳು ಮನಸಾರೆ ನಕ್ಕಳು.

"ಮಾಡ್ತೀನಿ. ಆದ್ರೆ ವಾಪಸ್ ಕೊಡಲ್ಲ."

"ವಾಪಸ್ ಯಾರು ಕೇಳಿದ್ರು?"