ಉಸಿರಿನ ಯಂತ್ರದ ನೀರು

ದೀಪಾಲಿ ಚಹಾದ ಕಪ್ಪು ಹಿಡಿದು ಬಾಗಿಲು ಬಡಿದಾಗ ಒಳಗಿನಿಂದ ಚಿಲಕ ತೆಗೆದವಳು ಅತ್ತೆ ಕಾಶವ್ವ.

“ನಿಮ್ಮ ಮಾವನೋರು ಏಳವಲ್ರವಾ. ನೀನರ ಎಬ್ಬಸಿ ನೋಡು.”

ಗೂಳಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದರು. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಮುಖದ ಮೇಲಿತ್ತು. ಮಗ್ಗುಲಿನ ಸ್ಟೂಲಿನ ಮೇಲೆ ಯಂತ್ರ ಸುಯ್ಯೆಂದು ಗಾಳಿ ಊದುತ್ತಲೇ ಇತ್ತು. ದೀಪಾಲಿ ಮಾವನ ಕೈ ಮುಟ್ಟಿದಳು. ತಣ್ಣಗಿತ್ತು.

ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ ಗೂಳಪ್ಪನವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಕಣ್ಣು ಮುಚ್ಚಿದರೆ ಗಂಟಲಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತಿತ್ತು. ಡಾಕ್ಟರು ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ಪರೀಕ್ಷೆ ಮಾಡಿ ಈ ಯಂತ್ರ ಬರೆದುಕೊಟ್ಟಿದ್ದರು. ಅದು ಊದುವ ಗಾಳಿ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ಅಂಥ ಯಂತ್ರ ನಡೆಯುತ್ತಿರುವಾಗಲೇ ಮನುಷ್ಯ ಸತ್ತದ್ದು ಹೇಗೆ?

ಮಗ ಶಿವಪ್ರಕಾಶನ ಉತ್ತರ ಸಿದ್ಧವಿತ್ತು. ಯಂತ್ರ ಕೆಟ್ಟದ್ದು, ಮಾರಿದವನು ಕೊಲೆಗಾರ. ಮಣ್ಣು ಮಾಡಿ ಬಂದವನೇ, ಯಂತ್ರ ಮಾರಿದ ರಿತೇಶನ ಅಂಗಡಿಗೆ ನುಗ್ಗಿ ಗಾಜು ಒಡೆದ. ಪೊಲೀಸರು ದೂರು ಬರೆದುಕೊಂಡು ರಿತೇಶನನ್ನು ಕರೆದೊಯ್ದರು.

ಕೇಸು ಇನ್‌ಸ್ಪೆಕ್ಟರ್ ಭಾಮಾಳಿಗೆ ಬಂತು. ಅವಳ ಅಪ್ಪ ವಿಜಾಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಈ ಮರಾಠಿ ಊರಿನ ಖಡಕಿಯಲ್ಲಿ. ಆ ಮನೆಯವರೊಂದಿಗೆ ಕನ್ನಡದಲ್ಲಿ ಮಾತಾಡಬಲ್ಲವಳು ಠಾಣೆಯಲ್ಲಿ ಅವಳೊಬ್ಬಳೇ.

ರಿತೇಶ್ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಭಾಮಾ ಮರಾಠಿಯಲ್ಲೇ ಕೇಳಿದಳು.

“ಉಸಿರಿನ ಲೆಕ್ಕ ಇಡುವ ಕಾರ್ಡು ಯಂತ್ರದಲ್ಲಿ ಇಲ್ಲ. ಎಲ್ಲಿ ಹೋಯಿತು?”

“ನಾನೇ ತಂದಿದ್ದೆ ಮೇಡಮ್. ಅವರು ಸಾಯುವ ಹಿಂದಿನ ದಿನ. ಡಾಕ್ಟರು ನೋಡಬೇಕೆಂದಿದ್ದರು.”

“ಸಾಕ್ಷಿಯನ್ನು ಮೊದಲೇ ತೆಗೆದಿಟ್ಟಂತಾಯಿತಲ್ಲ?”

“ಡಾಕ್ಟರನ್ನೇ ಕೇಳಿ. ನಾನು ಯಾಕೆ ಕೊಲ್ಲಲಿ? ಗೂಳಪ್ಪ ಕಾಕಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಉಣ್ಣಿಸುತ್ತಿದ್ದರು.”

ಡಾಕ್ಟರು ಅವನ ಮಾತು ನಿಜವೆಂದರು. ಪ್ರಯೋಗಾಲಯ ಯಂತ್ರ ಪರೀಕ್ಷಿಸಿ, ದೋಷವಿಲ್ಲ ಎಂದಿತು. ಆದರೂ ಸಾವಿನ ಕಾರಣ ತಿಳಿಯುವವರೆಗೆ ರಿತೇಶನನ್ನು ಬಿಡಲಿಲ್ಲ. ಅಷ್ಟರಲ್ಲಿ ಬಂಧುಗಳ ಬಾಯಲ್ಲಿ ಇನ್ನೊಂದು ಸುದ್ದಿ ಎದ್ದಿತ್ತು. ಗಾಳಿ ಒಣಗಬಾರದೆಂದು ಯಂತ್ರದ ತೊಟ್ಟಿಗೆ ನೀರು ತುಂಬುತ್ತಾರಲ್ಲ, ತುಂಬುತ್ತಿದ್ದವಳು ಯಾರು? ಸೊಸೆ! ಅದರಲ್ಲಿ ಏನಾದರೂ ಬೆರೆಸಿದ್ದರೆ?

ಮರುದಿನ ಭಾಮಾ ಮನೆಗೆ ಬಂದಾಗ ದೀಪಾಲಿಯ ಕಣ್ಣು ಊದಿಕೊಂಡಿದ್ದವು. ಗಂಡ ಅವಳತ್ತ ನೋಡುತ್ತಿರಲಿಲ್ಲ. ಕಾಶವ್ವ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

“ಅವತ್ತ ನೀರು ನೀವ ತುಂಬಿದ್ರಿ?”

“ಹೌದ್ರಿ ಬಾಯಾರ. ದಿನಾ ನಾನ ತುಂಬೂದು.” ದೀಪಾಲಿ ಯಂತ್ರವಿದ್ದ ಖಾಲಿ ಸ್ಟೂಲಿನತ್ತ ಕೈ ಮಾಡಿದಳು. “ಮಾವನೋರು ಮಲಗೂಕ್ಕಿಂತ ಮೊದಲ ತುಂಬೇನ್ರಿ. ಕುದಿಸಿ ಆರಿಸಿದ ನೀರು. ಬ್ಯಾರೆ ಏನೂ ಹಾಕಿಲ್ರಿ, ನನ್ನ ಮಕ್ಕಳಾಣಿ!”

“ನೀರಾಗ ಏನೂ ಇಲ್ಲಂತ ರಿಪೋರ್ಟ್ ಬಂದದ. ನಾ ಕೇಳೂದು ಬ್ಯಾರೆ. ದಿನಾ ಮುಂಜಾನೆ ತೊಟ್ಟಿ ತೊಳೀತೀರಲ್ಲ, ಅದ್ರಾಗ ಎಷ್ಟು ನೀರು ಉಳಿದಿರತದ?”

“ತಳದಾಗ ಒಂದೀಟು. ಬಿಸಿಗಾಳಿ ಜೋಡಿ ರಾತ್ರೆಲ್ಲಾ ಹೋಗಿಬಿಡತದ್ರಿ.”

“ಅವತ್ತ ನೀವು ತೊಳದ್ರಿ?”

“ಇಲ್ರಿ. ಮೈ ತಣ್ಣಗಿದ್ದದ್ದು ನೋಡಿ ಮಷೀನು ಬಂದ್ ಮಾಡಿದ್ದಷ್ಟ. ಪೊಲೀಸ್ರು ಬಂದು ಹೆಂಗಿತ್ತೋ ಹಂಗ ಸೀಲ್ ಮಾಡಿ ಒಯ್ದ್ರು. ಯಾರೂ ಮುಟ್ಟಿಲ್ರಿ.”

ಭಾಮಾ, ಸೀಲು ಮಾಡುವ ಮೊದಲು ತೆಗೆದಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆರೆದು ಹಿಗ್ಗಿಸಿದಳು. ಎಷ್ಟೋ ಸಲ ನೋಡಿದ್ದ ಫೋಟೋ. ಈ ಸಲ ಕಣ್ಣು ತೊಟ್ಟಿಯ ಮೇಲೆ ನಿಂತಿತು. ಕೊಲೆಗಾರನನ್ನು ಹುಡುಕಲು ಬಂದವಳಿಗೆ ಈಗ ಮುಂದಿನ ಮಾತು ಆಡುವುದೇ ಬೇಡವೆನ್ನಿಸಿತು. ಆದರೆ ಲಾಕಪ್ಪಿನಲ್ಲಿ ಒಬ್ಬ ಕೂತಿದ್ದ. ಇಲ್ಲಿ ಒಬ್ಬಳು ಕಣ್ಣೀರಿಡುತ್ತಿದ್ದಳು.

“ಶಿವಪ್ರಕಾಶ, ಇಲ್ಲಿ ಬರ್ರಿ. ಈ ತೊಟ್ಟಿ ನೋಡ್ರಿ. ನೀರು ಎಲ್ಲೀತನಕ ಅದ?”

ಅವನು ಬಗ್ಗಿ ನೋಡಿದ. “ಮ್ಯಾಲಿನ ಗೆರಿ ತನಕ ಅದ್ರಿ. ತುಂಬೇತಿ.”

“ನಾವೆಲ್ಲಾ ನೀರಾಗ ಏನದ ಅಂತ ಹುಡುಕಿದ್ವಿ. ನೀರು ಎಷ್ಟದ ಅಂತ ನೋಡ್ಲೇ ಇಲ್ಲ. ರಾತ್ರಿಯೆಲ್ಲಾ ಮಷೀನು ನಡದಿದ್ರ ಈ ತೊಟ್ಟಿ ಖಾಲಿ ಆಗಬೇಕಿತ್ತು. ಆಗಿಲ್ಲ. ಅಂದ್ರ...”

“ಅಂದ್ರ?”

“ಆ ರಾತ್ರಿ ಮಷೀನು ನಡೀಲೇ ಇಲ್ಲ. ನಿಮ್ಮಪ್ಪ ಮಾಸ್ಕ್ ಇಲ್ಲದ ಮಲಗಿದ್ರು. ಜೀವ ಹೋದಮ್ಯಾಲ ಯಾರೋ ಮಾಸ್ಕ್ ಹಾಕಿ, ಮಷೀನು ಚಾಲೂ ಮಾಡ್ಯಾರ.”

“ಯಾರು? ಯಾರ್ರಿ?”

ಭಾಮಾ ಬಾಗಿಲಿನತ್ತ ನೋಡಿದಳು. “ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು. ಚಿಲಕ ತಗದು, ಸೊಸೀನ ಒಳಗ ಕರದವರು...”

“ನಾನ.”

ಕಾಶವ್ವ ಗೋಡೆಯ ಕಡೆಯಿಂದ ಮುಖ ತಿರುಗಿಸಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

“ನಾನ ಹಾಕೇನಿ. ತಗೀರಿ ಅಂದಾಕಿನೂ ನಾನ.”

“ಯವ್ವಾ!” ಎಂದ ಶಿವಪ್ರಕಾಶ.

ಭಾಮಾ ಹೋಗಿ ಅವಳ ಮಗ್ಗುಲಲ್ಲೇ ನೆಲದ ಮೇಲೆ ಕೂತಳು. “ಹೇಳ್ರಿ ಕಾಶವ್ವಾರ.”

“ಮದಲ ನಾವು ಹಾಸಿಗ್ಯಾಗ ಬಿದಕೊಂಡು ಭಾಳೊತ್ತು ಮಾತಾಡತಿದ್ವಿರಿ. ಹಗಲೆಲ್ಲಾ ಅವರು ಯಾರ್ಡಿನಾಗ. ಮಾತಂದ್ರ ಅದ ಹೊತ್ತು. ಆ ಮಷೀನಿನ ಮುಸುಕು ಬಂದಮ್ಯಾಲ ಅದೂ ನಿಂತ್ತು. ಹಾಕ್ಕೊಂಡ್ರ ಮಾತು ತಿಳೀತಿದ್ದಿಲ್ಲ. ಅವತ್ತ ನಾ ಅಂದೆ, ಒಂದೀಟು ಹೊತ್ತು ಬಿಡ್ರಿ, ಮಾತಾಡೂಣು, ಆಮ್ಯಾಲ ಹಾಕ್ಕೊಳ್ರಿ ಅಂತ. ಅವರು ನಕ್ಕು ಬದಿಗಿಟ್ರು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮಷೀನು ಬರೂಕ್ಕಿಂತ ಮದಲ ನಾ ರಾತ್ರೆಲ್ಲಾ ಎಚ್ಚರ ಇರತಿದ್ದೆ. ಅವರ ಉಸಿರು ನಿಂತ್ತಂದ್ರ ತಿವದು ಎಬ್ಬಸತಿದ್ದೆ. ಎಷ್ಟು ವರ್ಷ ಹಂಗ ಕಾದೀನಿ. ಮಷೀನು ಬಂದಮ್ಯಾಲ ನನಗೂ ನಿದ್ದಿ ರೂಢಿ ಆತು. ಅವತ್ತ ಮಾತಾಡತಾ ಮಾತಾಡತಾ ಕಣ್ಣು ಹತ್ತಿಬಿಟ್ವು. ಎಚ್ಚರಾಗೂದ್ರಾಗ ತಣ್ಣಗಾಗಿದ್ರು.”

ಅವಳು ಸೆರಗು ಬಿಡಿಸಿ ಮತ್ತೆ ಸುತ್ತಿಕೊಂಡಳು.

“ಮಗಗ ಏನಂತ ಹೇಳಲಿ? ಹೆದರಿ ಮುಸುಕು ಹಾಕಿ ಬಟನ್ ಒತ್ತಿದೆ. ಆ ಹುಡುಗನ್ನ ಹಿಡಕೊಂಡು ಹೋದಾಗ ಬಾಯಿ ಬಿಡಬೇಕಂತ ಎದ್ದೆ. ಕಾಲು ಬರಲಿಲ್ಲ. ಇಕೀ ಮ್ಯಾಲ ಮಾತು ಬಂದಾಗೂ...” ಕಾಶವ್ವ ಸೊಸೆಯ ಕಡೆ ನೋಡಲಾರದೆ ತಲೆ ತಗ್ಗಿಸಿದಳು. “ನನ್ನ ಪಾಪ ಇಬ್ಬರ ತಲೀಗೆ ಹೊರಸಿದೆ.”

ದೀಪಾಲಿ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು.

“ಒಂದ ರಾತ್ರಿ ಮಾಸ್ಕ್ ಇಲ್ಲಂತ ಜೀವ ಹೋತು ಅಂತ ಹೇಳಾಕ ಬರೂದಿಲ್ಲ ಅಂತಾರ ಡಾಕ್ಟರು” ಎಂದಳು ಭಾಮಾ. “ಅವರ ಹೃದಯ ಮೊದಲ ಸೋತಿತ್ತಂತ. ಹಾಕ್ಕೊಂಡಿದ್ರೂ ನಿಲ್ಲಬಹುದಿತ್ತು.”

“ಅವರು ಹಂಗ ಅಂತಾರ” ಎಂದಳು ಕಾಶವ್ವ. ಆ ಮಾತು ಅವಳನ್ನು ಎಂದೂ ಮುಟ್ಟಲಾರದೆಂದು ಭಾಮಾಳಿಗೆ ತಿಳಿಯಿತು.

ಠಾಣೆಗೆ ಬಂದು ಇದನ್ನೆಲ್ಲ ಬರೆಸಬೇಕು ಎಂದಾಗ ಮುದುಕಿ ತಕರಾರಿಲ್ಲದೆ ಒಪ್ಪಿದಳು. ರಿತೇಶನನ್ನು ಬಿಡಲು ಭಾಮಾ ಅಲ್ಲಿಂದಲೇ ಫೋನು ಮಾಡಿದಳು. ಅವನ ಅಂಗಡಿಗೆ ನಾನೇ ಹೋಗುತ್ತೇನೆ, ಕಾಲು ಹಿಡಿಯುತ್ತೇನೆ ಎಂದ ಶಿವಪ್ರಕಾಶ. ಹೊರಗೆ ಹೋಗಿ ಹೆಂಡತಿಯ ಮುಂದೆ ನಿಂತ. ದೀಪಾಲಿಯೇ ಅವನ ಹೆಗಲು ಮುಟ್ಟಿ ಒಳಗೆ ಕಳಿಸಿದಳು.

ಅವನು ಬಂದು ತಾಯಿಯ ಕಾಲ ಬಳಿ ಕುಸಿದ. ಭಾಮಾ ಏಳಬೇಕೆಂದವಳು ಹಾಗೆಯೇ ಕೂತಳು. ಅವನು ಬೈಯಬಹುದು ಎಂದುಕೊಂಡಿದ್ದಳು. ಅವನು ಕೇಳಿದ್ದು ಒಂದೇ ಮಾತು.

“ಯವ್ವಾ, ಅಪ್ಪ ಕಡೀಕ ಏನಂದ್ರು?”

ಕಾಶವ್ವ ಮಗನ ತಲೆಯ ಮೇಲೆ ಕೈ ಇಟ್ಟಳು. ಅಷ್ಟು ದಿನ ಬಾರದ ಕಣ್ಣೀರು ಆಗ ಬಂತು.

“‘ನೀ ಭಾಳ ದಣದೀ, ಮಲಕೋ’ ಅಂದ್ರಪಾ. ‘ನಾ ಎಚ್ಚರ ಅದೀನಿ’ ಅಂದ್ರು.”